ಹದಿನಾರನೇ ಮನೆ

ನಮ್ಮೂರಿನಲ್ಲಿ ಯಾವ ವಸ್ತುವನ್ನೂ ಒಂದೇ ಜಾಗದಲ್ಲಿ ಏಳು ದಿನ ಬಿಡಕೂಡದು. ಬಿಟ್ಟರೆ ಏಳನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಅದರ ನೆರಳು ನೆಲದ ಮೇಲೆ ಕೂತುಬಿಡುತ್ತದೆ. ಒಮ್ಮೆ ಕೂತ ನೆರಳು ಮತ್ತೆ ಏಳುವುದಿಲ್ಲ. ವಸ್ತುವನ್ನು ತೆಗೆದರೂ, ಒಡೆದರೂ, ಸುಟ್ಟು ಬೂದಿ ಮಾಡಿದರೂ ನೆರಳು ಮಾತ್ರ ಅಲ್ಲೇ. ನೂಲಿನ ಗಿರಣಿಯ ಚಿಮಣಿ ಬಿದ್ದು ಹತ್ತು ವರ್ಷವಾಯಿತು, ಅದರ ನೆರಳು ಇವತ್ತಿಗೂ ಸಂತೆಬೀದಿಗೆ ಅಡ್ಡಲಾಗಿ ಮಲಗಿದೆ, ಹೂವಿನವರು ಅದರ ಉದ್ದಕ್ಕೂ ಸಾಲಾಗಿ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಯಾರೋ ಮದುವೆಗೆ ಹೋದವರು ಮರೆತುಬಿಟ್ಟ ಎತ್ತಿನ ಗಾಡಿಯೊಂದರ ನೆರಳು ಕೆರೆದಾರಿಯಲ್ಲಿದೆ, ನೊಗ ಗಾಲಿ ಸಮೇತ. ಊರಿನ ನಾಯಿಗಳಿಗೆ ಮಧ್ಯಾಹ್ನದ ಠಿಕಾಣಿ ಅದೇ. ಹೀಗಾಗಿ ನಮ್ಮಲ್ಲಿ ಪ್ರತಿಯೊಬ್ಬರೂ ಆರನೇ ದಿನ ಸರಿಸುತ್ತಾರೆ. ಒರಳುಕಲ್ಲು, ನೀರಿನ ಡ್ರಮ್ಮು, ಕೆಟ್ಟುನಿಂತ ಬೈಕು, ಎಲ್ಲವನ್ನೂ ಒಂದೊಂದು ಗೇಣು ಆಚೆಗೆ. ಮರಗಳು ಗಾಳಿಗೆ ತಾವೇ ಅಲ್ಲಾಡುತ್ತವೆ, ಅವುಗಳ ಚಿಂತೆ ನಮಗಿಲ್ಲ.

ಮನೆಯನ್ನು ಸರಿಸಲು ಬರುವುದಿಲ್ಲವಲ್ಲ. ಅದಕ್ಕೇ ಮನೆ ಕಟ್ಟುವ ಮೊದಲು ಸುಳ್ಳುಮನೆ ಕಟ್ಟಿ ನೋಡುತ್ತೇವೆ. ಉದ್ದ, ಅಗಲ, ಎತ್ತರ ಎಲ್ಲ ನಿಜದ ಮನೆಯಷ್ಟೇ, ಆದರೆ ಬಿದಿರಿನ ಗಳ ಮತ್ತು ಗೋಣಿತಾಟಿನದು. ಕೆಳಗೆ ಉರುಳುವ ದಿಮ್ಮಿಗಳು. ನೆರಳು ಯಾರ ಅಂಗಳಕ್ಕೆ ಬೀಳುತ್ತದೆ ಅಂತ ಐದು ದಿನ ನೋಡುವುದು, ಆರನೇ ದಿನ ಒಂದು ಗೇಣು ತಳ್ಳಿ, ಏಳನೇ ದಿನ ಬಿಚ್ಚಿಹಾಕುವುದು. ಅದು ನನ್ನ ಕಸುಬು. ನನ್ನ ಹೆಸರು ಓಬಳೇಶ, ಗಾರೆ ಮೇಸ್ತ್ರಿ. ಮೂವತ್ತು ವರ್ಷದಲ್ಲಿ ನಾನು ನಿಲ್ಲಿಸಿದ ಒಂದೇ ಒಂದು ಸುಳ್ಳುಮನೆಯ ನೆರಳೂ ಕೂತಿರಲಿಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಗಿರಣಿ ಮುಚ್ಚಿ, ಅದರ ಲೈನ್ ಮನೆಗಳನ್ನು ಕೆಡವಿದ ಮೇಲೆ ನಾವು ಹದಿನಾರು ಸಂಸಾರ ತಗಡಿನ ಶೆಡ್ಡುಗಳಲ್ಲಿ ಏಳು ವರ್ಷ ಕಳೆದೆವು. ಕೊನೆಗೆ ಪುರಸಭೆಯವರು ಹಪ್ಪಳದ ಬೀದಿಯ ಪಕ್ಕದಲ್ಲಿ ಒಂದು ತುಂಡು ಜಾಗ ಕೊಟ್ಟರು. ಹದಿನಾರು ಮನೆಯ, ನಾಲ್ಕು ಅಂತಸ್ತಿನ ಕಟ್ಟಡ. ನಕ್ಷೆ ಬರೆಯಲು ನಸೀಮಾ ಮೇಡಂ ಬಂದರು. ಪರವೂರಿನವರು, ವಯಸ್ಸು ಮೂವತ್ತೈದರ ಆಸುಪಾಸು, ಮಾತು ಕಮ್ಮಿ. ಬಂದವರು ಮೊದಲು ಟೇಪು ಬಿಚ್ಚಲಿಲ್ಲ. ಹದಿನಾರು ಶೆಡ್ಡಿಗೂ ಹೋಗಿ ನೆಲದ ಮೇಲೆ ಕೂತು, ಮಧ್ಯಾಹ್ನ ಎಲ್ಲಿ ಮಲಗುತ್ತೀರಿ, ಒದ್ದೆ ಬಟ್ಟೆ ಎಲ್ಲಿ ಹರವುತ್ತೀರಿ, ಜಗಳ ಆದರೆ ಎಲ್ಲಿ ಹೋಗಿ ಕೂರುತ್ತೀರಿ ಅಂತೆಲ್ಲ ಕೇಳಿ ಬರೆದುಕೊಂಡರು. ನನ್ನ ಹೆಂಡತಿ ಮಾರಕ್ಕ ಒಂದೇ ಮಾತು ಹೇಳಿದಳು.

"ನನಗೆ ಕೆರೆ ಕಡೆ ಒಂದು ಕಿಟಕಿ ಬೇಕು ಮೇಡಂ. ಅನ್ನ ಬಸಿಯುವಾಗ ಮುಖಕ್ಕೆ ಗಾಳಿ ಬೀಸಬೇಕು. ಏಳು ವರ್ಷದಿಂದ ತಗಡಿನ ಕೆಳಗೆ ಬೆಂದಿದ್ದೀನಿ."

ಮೇಡಂ ಅದನ್ನೂ ಬರೆದುಕೊಂಡರು. ಮೂರನೇ ಅಂತಸ್ತಿನ ಮೂಲೆಮನೆ, ಕೆರೆ ಕಡೆ ಕಿಟಕಿ, ಓಬಳೇಶ ಮತ್ತು ಮಾರಕ್ಕ ಎಂದು ನಕ್ಷೆಯಲ್ಲಿ ಹೆಸರೇ ಬರೆದರು. ಮಾರಕ್ಕ ಆ ಹಾಳೆಯನ್ನು ಎರಡು ಸಲ ಮುಟ್ಟಿ ನೋಡಿದಳು.

ತಾಪತ್ರಯ ಇದ್ದದ್ದು ಹಪ್ಪಳದ ಬೀದಿಯದು. ಬೇರೆ ಬೀದಿಯವರು ನೆರಳು ಬರುತ್ತದೆಂದರೆ ಕೈಮುಗಿದು ಬರಮಾಡಿಕೊಳ್ಳುತ್ತಾರೆ, ನಮ್ಮೂರಿನ ಬಿಸಿಲು ಅಂಥದು. ಆದರೆ ಆ ಬೀದಿಯ ಮೂವತ್ತು ಮನೆಗೆ ಒಂದೇ ಅಂಗಳ, ಆ ಅಂಗಳದ ಬಿಸಿಲೇ ಅವರ ಅನ್ನ. ಉದ್ದಿನ ಹಿಟ್ಟು ನಾದಿ, ಕತ್ತಲೆ ಕೋಣೆಗಳಲ್ಲಿ ಕೂತು ಹಪ್ಪಳ ಲಟ್ಟಿಸಿ, ಅಂಗಳದ ಮಂಚಗಳ ಮೇಲೆ ಒಣಗಿಸುತ್ತಾರೆ. ಅವರಲ್ಲೆಲ್ಲ ಹಿರಿಯಳು ಕೆಂಚಕ್ಕ. ಅರವತ್ತು ದಾಟಿದವಳು, ಮಂಡಿ ಹಿಡಿದುಕೊಂಡೇ ನಡೆಯುವವಳು, ಬಾಯಿ ಮಾತ್ರ ಚುರುಕು. ನಾನು ಸುಳ್ಳುಮನೆ ನಿಲ್ಲಿಸಿದ ಮೊದಲ ದಿನವೇ ಬಂದಳು.

"ಓಬಳೇಶಾ, ಈ ನೆರಳು ನಮ್ಮ ಅಂಗಳದ ಮ್ಯಾಲೆ ಬಿದ್ದೈತೆ."

"ಎಲ್ಲಿ ಬೀಳ್ತದೆ ನೋಡಾಕೇ ನಿಲ್ಲಿಸಿರೋದು ಕಣಕ್ಕ. ಮೇಡಂ ಅಳತೆ ತಗೊಂತಾರೆ. ನಿಮ್ಮ ಅಂಗಳ ತಪ್ಪಿಸಿ ಕಟ್ಟೋ ಹಂಗೆ ನಕ್ಷೆ ಬದಲಾಯಿಸ್ತಾರೆ. ಆರನೇ ದಿನ ಸರಿಸ್ತೀನಿ."

"ಸರಿಸದಿದ್ರೆ?"

"ನನ್ನ ಮಾತಿನ ಮ್ಯಾಲೆ ನಂಬಿಕೆ ಇಲ್ವಾ?"

"ಮಾತಿನ ಮ್ಯಾಲೆ ಹಪ್ಪಳ ಒಣಗ್ತದಾ?" ಎಂದು ಹೊರಟೇಹೋದಳು.

ನನಗೆ ಉರಿದುಹೋಯಿತು. ಮೂವತ್ತು ವರ್ಷದ ಮೇಸ್ತ್ರಿಗೆ ಹೇಳುವ ಮಾತೇ ಇದು? ಆರನೇ ದಿನ ಬೆಳಿಗ್ಗೆ ಹನ್ನೊಂದು ಜನರನ್ನು ಕರೆದುಕೊಂಡು ಹೋಗಿ, ಸುಳ್ಳುಮನೆಯನ್ನು ಒಂದು ಗೇಣು ತಳ್ಳಿದೆ. ಆಚೆ ಬದಿಗೆ ಶಾಲೆಯ ಕಾಂಪೌಂಡು, ಸುಳ್ಳುಮನೆ ಅದರ ಗೋಡೆಗೆ ಆನಿಕೊಂಡು ನಿಂತಿತು. ಕೈ ಒರೆಸಿಕೊಂಡು ಬಂದುಬಿಟ್ಟೆ. ಕೆಂಚಕ್ಕನ ಮನೆ ಬಾಗಿಲು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಸರಿಸಿದ್ದೀನಿ ಎಂದು ಒಂದು ಮಾತು ಹೇಳಿಬರಬಹುದಿತ್ತು. ಹೇಳಲಿಲ್ಲ. ನಂಬದವಳಿಗೆ ನಾನೇಕೆ ಹೇಳಲಿ ಎಂಬ ಸೆಡವು.

ಏಳನೇ ದಿನ ನಾಲ್ಕು ಗಂಟೆಯ ಹೊತ್ತಿಗೆ ನಿಧಾನವಾಗಿ ಬಿಚ್ಚಲು ಹೋದೆವು. ಮೇಲಿನ ಗೋಣಿತಾಟು ತೆಗೆದೆವು, ಅಂಗಳದಲ್ಲಿ ನೆರಳು ಕಮ್ಮಿಯಾಗಲಿಲ್ಲ. ಎರಡನೆಯದು ತೆಗೆದೆವು, ಮೂರನೆಯದು ತೆಗೆದೆವು. ಎಲ್ಲ ಬಿಚ್ಚಿ ಬರೀ ಗಳಗಳು ಆಕಾಶಕ್ಕೆ ನಿಂತಾಗಲೂ ಅಂಗಳದ ಮುಕ್ಕಾಲು ಪಾಲಿನ ಮೇಲೆ ನಾಲ್ಕು ಅಂತಸ್ತಿನ ನೆರಳು ಕರ್ರಗೆ ಕೂತಿತ್ತು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಓಬಳೇಶ ಸರಿಸಲೇ ಇಲ್ಲ ಎಂದು. ಹನ್ನೊಂದು ಜನ ಸಾಕ್ಷಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನೆರಳೇ ಕಣ್ಣೆದುರು ಕೂತಿತ್ತಲ್ಲ. ಮಾರನೇ ದಿನ ಬೆಳಿಗ್ಗೆ ಹೋಗಿ ನೆಲ ನೋಡಿದೆ. ದಿಮ್ಮಿ ಉರುಳಿದ ಗುರುತು ಒಂದು ಗೇಣು ಗೋಡೆಯ ಕಡೆಗೆ ಹೋಗಿತ್ತು, ಒಂದು ಗೇಣು ವಾಪಸು ಬಂದಿತ್ತು. ಬಿದಿರಿನ ಗಳಗಳ ಮೇಲೆ ಎದೆಮಟ್ಟಕ್ಕೆ ಬಿಳಿ ಕೈಗುರುತುಗಳು. ಮೂಸಿ ನೋಡಿದೆ, ಉದ್ದಿನ ಹಿಟ್ಟು.

ಅವತ್ತೇ ಅಂಗಳದಲ್ಲಿ ಎರಡೂ ಕಡೆಯವರನ್ನು ಸೇರಿಸಿದೆ. ನಸೀಮಾ ಮೇಡಂ ಕೂಡ ಬಂದಿದ್ದರು. ಹಿಟ್ಟು ಮೆತ್ತಿದ ಗಳವನ್ನು ಹೊತ್ತುತಂದು ಎಲ್ಲರ ನಡುವೆ ಹಾಕಿ, ಇದು ಯಾರ ಕೈ ಹೇಳಿ ಎಂದೆ.

ಕೆಂಚಕ್ಕ ತಲೆ ತಗ್ಗಿಸಲಿಲ್ಲ. "ನಮ್ಮವೇ. ಆರನೇ ದಿನ ಮಧ್ಯಾಹ್ನದವರೆಗೂ ಒಳಗೆ ಲಟ್ಟಿಸ್ತಾ ಕಾದೆವು, ಯಾರೂ ಬರಲಿಲ್ಲ ಅಂದ್ಕೊಂಡೆವು. ನೋಡಿದ್ರೆ ಗೋಡೆಗೆ ತಾಗಿ ನಿಂತಿತ್ತು. ಸಿಕ್ಕಾಕ್ಕೊಂಡೈತೆ, ಅದಕ್ಕೇ ಓಬಳೇಶ ಬಿಟ್ಟು ಹೋಗವ್ನೆ ಅಂತ, ಮೂವತ್ತು ಜನ ಸೇರಿ ಈ ಕಡೆಗೆ ಒಂದು ಗೇಣು ಎಳೆದೆವು. ಎಳೆಯಾಕೆ ಇದ್ದಿದ್ದು ಅದೊಂದೇ ದಿಕ್ಕು."

ನಾವು ಒಂದು ಗೇಣು ಆಚೆಗೆ, ಅವರು ಒಂದು ಗೇಣು ಈಚೆಗೆ. ನೆರಳು ಲೆಕ್ಕ ಹಿಡಿಯುವುದು ದಿನದಿನದ ಮೂರು ಗಂಟೆಯನ್ನು ಮಾತ್ರ, ಆರನೇ ದಿನದ ಮೂರು ಗಂಟೆಗೆ ಸುಳ್ಳುಮನೆ ಮೊದಲಿದ್ದಲ್ಲೇ ಬಂದು ನಿಂತಿತ್ತು. ಹೀಗೆ ಮೂವತ್ತು ಹೆಂಗಸರು, ಹನ್ನೆರಡು ಗಂಡಸರು ಮೈಮುರಿದು ಕೆಲಸ ಮಾಡಿ ಆ ನೆರಳನ್ನು ಕೂರಿಸಿದ್ದೆವು.

ನಮ್ಮ ಹದಿನಾರು ಸಂಸಾರದ ಪೈಕಿ ದಾನಪ್ಪ ಎಂಬಾತ ಎದ್ದು ನಿಂತ. ಗಿರಣಿಯಲ್ಲಿದ್ದಾಗ ಯೂನಿಯನ್ ಮಾಡಿದವನು, ಲೆಕ್ಕಾಚಾರದ ಮನುಷ್ಯ. "ಅಲ್ಲಿಗೆ ಆಯ್ತಲ್ಲ. ನೆರಳು ಕೂರಿಸಿದೋರು ಅವರೇ. ಇನ್ನು ಕಾಪಾಡಾಕೆ ಬಿಸಿಲೇ ಇಲ್ಲ. ನಾಳೆಯಿಂದಲೇ ನೆಟ್ಟಗೆ ನಾಲ್ಕು ಅಂತಸ್ತು ಎಬ್ಬಿಸೋಣ, ಮೇಡಂ ತಲೆ ಕೆಡಿಸ್ಕೊಳ್ಳೋ ಹಂಗೇ ಇಲ್ಲ." ನಮ್ಮವರ ಮುಖ ಅರಳಿತು. ಸುಳ್ಳು ಹೇಳಲಾರೆ, ನನ್ನದೂ ಅರಳಿತು. ಹೆಸರು ಉಳಿಯಿತು, ಮನೆಯೂ ಬಂತು. ಕೆರೆ ಕಡೆಯ ಕಿಟಕಿ ಕಣ್ಣ ಮುಂದೆ ಬಂದುಬಿಟ್ಟಿತು.

ಕೆಂಚಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಬೆಳಿಗ್ಗೆಯಿಂದ ಆ ನೆರಳಿನಲ್ಲೇ ಹರವಿದ್ದ ಮಂಚದ ಹತ್ತಿರ ಹೋಗಿ, ಒಂದು ಹಪ್ಪಳ ತೆಗೆದು ನನ್ನ ಅಂಗೈ ಮೇಲೆ ಇಟ್ಟಳು. ಬಿಸಿಲಿನಲ್ಲಿದ್ದರೆ ಆ ಹೊತ್ತಿಗೆ ಗರಿಗರಿಯಾಗಿ ಸದ್ದು ಮಾಡಬೇಕಿತ್ತು. ಅದು ಒದ್ದೆ ಬಟ್ಟೆಯ ಹಾಗೆ ಮಡಿಚಿಕೊಂಡಿತು. ಎಲ್ಲರೂ ಹೋದ ಮೇಲೂ ನಾನು ಅದನ್ನು ಹಿಡಿದುಕೊಂಡು ನಿಂತಿದ್ದೆ, ಎಲ್ಲಿಡಬೇಕೆಂದು ತಿಳಿಯದೆ. ಗೆದ್ದವನ ಸಂತೋಷ ಎಲ್ಲಿಯೂ ಇರಲಿಲ್ಲ, ನಾಚಿಕೆಯಾಗುತ್ತಿತ್ತು.

ನಾಲ್ಕು ದಿನ ಬಿಟ್ಟು ಮೇಡಂ ಎಲ್ಲರನ್ನೂ ಮತ್ತೆ ಕರೆದರು. ಇಟ್ಟಿಗೆ ಚೂರುಗಳಿಂದ ಒಂದು ಪುಟ್ಟ ಕಟ್ಟಡ ಜೋಡಿಸಿದ್ದರು. ಬೀದಿಯಿಂದಲೇ ಶುರುವಾಗಿ, ಕಟ್ಟಡದ ಸುತ್ತ ಬಳಸಿಕೊಂಡು, ಒಂದೊಂದು ಮನೆಯ ಬಾಗಿಲ ಮುಂದೆಯೂ ಹಾದು, ತಾರಸಿಯವರೆಗೆ ಏರುವ ತಗ್ಗು ಮೆಟ್ಟಿಲುಗಳ ದಾರಿ ಅದಕ್ಕಿತ್ತು.

"ನೆಲದ ಬಿಸಿಲು ಹೋಯಿತು. ತಾರಸಿ ಮೇಲೆ ಅಷ್ಟೇ ಬಿಸಿಲು ಇದೆ," ಎಂದರು ಮೇಡಂ. "ಅದು ಹಪ್ಪಳದ ಬೀದಿಯವರದು. ಕಟ್ಟಡದ ನೆರಳು ಈಗ ಕೂತಿರೋ ನೆರಳಿನ ಒಳಗೇ ಬೀಳಬೇಕು, ಒಂದು ಬೆರಳೂ ಹೊರಗೆ ಬರಬಾರದು."

"ಇಡೀ ಬೀದಿ ನಮ್ಮ ಮನೆ ಬಾಗಿಲ ಮುಂದೆ ಓಡಾಡಬೇಕಾ?" ಎಂದ ದಾನಪ್ಪ.

"ಏಳು ವರ್ಷ ಶೆಡ್ಡಿನ ಬಾಗಿಲು ತೆರೆದಿಟ್ಟೇ ಬದುಕಿದ್ದೀರಿ ದಾನಪ್ಪನವರೇ. ಬಾಗಿಲ ಮುಂದೆ ಒಂದು ನರಪಿಳ್ಳೆಯೂ ಸುಳಿಯದ ಮನೆ ಕೊಟ್ಟರೆ ನಿಮಗೆ ನಿದ್ದೆ ಬರುತ್ತಾ?"

ದಾನಪ್ಪನ ಹೆಂಡತಿಯೇ ಮೊದಲು ನಕ್ಕಳು. ಆಮೇಲೆ ಮೇಡಂ ಉಳಿದದ್ದನ್ನೂ ಹೇಳಿದರು. ಆ ದಾರಿ ಒಂದು ಮನೆಯಷ್ಟು ಜಾಗ ತಿನ್ನುತ್ತದೆ. ಹದಿನಾರರಲ್ಲಿ ಹದಿನೈದೇ ಉಳಿಯುತ್ತವೆ. ಎತ್ತರ ಹೆಚ್ಚಿಸಲು ನೆರಳು ಬಿಡುವುದಿಲ್ಲ, ಅಗಲಿಸಲು ಜಾಗವಿಲ್ಲ. ಇದನ್ನು ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ನಾನು ಆ ಇಪ್ಪತ್ತು ಹೆಜ್ಜೆಯನ್ನೇ ನೆನೆಯುತ್ತಿದ್ದೆ. ಹಿಟ್ಟಿನ ಕೈ ಅವರದೇ ಇರಬಹುದು, ಆದರೆ ಹೇಳಬೇಕಾದ ಮಾತು ನನ್ನದಾಗಿತ್ತು. ಏಳನೇ ದಿನ ಮೂರು ಗಂಟೆಗೆ ಅಲ್ಲಿ ನಿಂತಿರಬೇಕಾದವನೂ ನಾನೇ. ಜಂಬ ಹೊತ್ತುಕೊಂಡು ಮನೆಯಲ್ಲಿ ಮಲಗಿದ್ದೆ. "ನಮ್ಮನೆ ಬಿಡಿ ಮೇಡಂ," ಎಂದೆ. ಹೇಳಿದ ಮೇಲೆ ಮಾರಕ್ಕನ ಕಡೆ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

ಶೆಡ್ಡಿಗೆ ಬಂದ ಮೇಲೆ ಅವಳು ಕೇಳಿದಳು. "ಕಿಟಕಿ ನಂದು. ಬಿಟ್ಟುಕೊಡಾಕೆ ನೀನ್ಯಾರು?" ಮೂರು ದಿನ ತಟ್ಟೆಯನ್ನು ದೂರದಿಂದ ನೂಕುತ್ತಿದ್ದಳು. ನಾಲ್ಕನೇ ದಿನ ಸೆರಗು ಸಿಕ್ಕಿಸಿಕೊಂಡು ಕೆಲಸದ ಜಾಗಕ್ಕೆ ಬಂದವಳು ಮಣ್ಣಿನ ಪುಟ್ಟಿ ಎತ್ತಿ ತಲೆ ಮೇಲಿಟ್ಟುಕೊಂಡು, "ಆ ಮೆಟ್ಟಿಲು ನೆಟ್ಟಗೆ ಕಟ್ಟು. ನನ್ನ ಅಡುಗೆಮನೆ ತಿಂದೈತೆ ಅದು," ಎಂದಳು.

ಕಟ್ಟಲು ನಮಗೆ ಸಿಕ್ಕಿದ್ದು ಒಂದೇ ವರ್ಷ. ಸೂರ್ಯ ಅದೇ ದಾರಿಗೆ ಮರಳಿ ಬರುವುದು ಮುಂದಿನ ವರ್ಷದ ಅದೇ ವಾರ, ಆ ವಾರವೇ ಕಟ್ಟಡದ ನೆರಳು ಕೂತರೆ ಮಾತ್ರ ಹಳೆಯ ನೆರಳಿಗೆ ಸರಿಹೊಂದುತ್ತದೆ. ಕೆಲಸ ನಡೆಯುವ ಗೋಡೆ ದಿನದಿನಕ್ಕೆ ಬೆಳೆಯುತ್ತದೆ, ಹಾಗಾಗಿ ಅದರ ನೆರಳು ಕೂರುವುದಿಲ್ಲ. ಆದರೆ ಕೆಲಸ ಏಳು ದಿನ ನಿಂತಿತೋ, ಅರ್ಧ ಗೋಡೆಯ ನೆರಳು ಎಲ್ಲೆಂದರಲ್ಲಿ ಕೂತುಬಿಡುತ್ತದೆ. ಹೀಗಾಗಿ ನಿಲ್ಲಿಸುವ ಮಾತೇ ಇಲ್ಲ. ಮಳೆ ಹಿಡಿದಾಗ ಟಾರ್ಪಾಲು ಹೊದ್ದುಕೊಂಡಾದರೂ ವಾರಕ್ಕೊಂದು ಇಟ್ಟಿಗೆ ವರಸೆ ಏರಿಸಿದೆವು. ಪಾಯ ತೋಡಿದ ಮಣ್ಣನ್ನೇ ಜರಡಿ ಹಿಡಿದು, ಸುಣ್ಣ, ಚೂರು ಸಿಮೆಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ ಹದಿನಾರು ಸಂಸಾರವೂ ಇಟ್ಟಿಗೆ ಮಾಡಿದವು. ಸುಡುವುದಿಲ್ಲ, ಸೌದೆ ಬೇಡ. ಗಿಲಾವು ಮಾಡದೆ ಬಿಟ್ಟ ಗೋಡೆ ಆ ಬೀದಿಯ ಹಳೇ ಮನೆಗಳ ಬಣ್ಣಕ್ಕೇ ಬಂತು. ಕೆರೆ ಕಡೆಯ ಗಾಳಿ ಒಂದು ಜಾಲರಿಯಲ್ಲಿ ಹೊಕ್ಕು ಎದುರು ಜಾಲರಿಯಲ್ಲಿ ಹೊರಡುವಂತೆ ಮೇಡಂ ಎಲ್ಲ ಮನೆಗೂ ದಾರಿ ಬಿಟ್ಟಿದ್ದರು. ಮಳೆನೀರು ನೆಲದೊಳಗಿನ ತೊಟ್ಟಿಗೆ, ಪಾತ್ರೆ ತೊಳೆದ ನೀರು ಬಾಳೆಗಿಡಗಳಿಗೆ.

ಮೆಟ್ಟಿಲಿನ ಎತ್ತರ ನಿಶ್ಚಯ ಮಾಡಿದವಳು ಕೆಂಚಕ್ಕ. ಮೊದಲು ಆರು ಬೆರಳು ಎತ್ತರದ ಇಪ್ಪತ್ತು ಮೆಟ್ಟಿಲನ್ನು ಬರೀ ಇಟ್ಟಿಗೆ ಜೋಡಿಸಿ ಮಾಡಿದೆ. ಹಿಟ್ಟಿನ ತಟ್ಟೆ ತಲೆ ಮೇಲೆ ಹೊತ್ತು ಹತ್ತಿದವಳು ಹನ್ನೆರಡನೆಯದಕ್ಕೆ ನಿಂತು ಮಂಡಿ ಹಿಡಿದುಕೊಂಡಳು. "ಇಳಿಸು," ಎಂದಳು. ಐದು ಬೆರಳು ಮಾಡಿದೆ. "ಇನ್ನೂ ಇಳಿಸು." ನಾಲ್ಕು ಬೆರಳಿಗೆ ತಂದಾಗ ಕೊನೆಯವರೆಗೂ ಹತ್ತಿ, ಮೇಲಿನಿಂದ ತಿರುಗಿ, "ಇಷ್ಟೇನಾ?" ಎಂದು ಕೇಳಿದಳು. ಮೆಟ್ಟಿಲು ತಗ್ಗಿದಷ್ಟೂ ದಾರಿ ಉದ್ದವಾಯಿತು, ಹದಿನೈದು ಮನೆಗಳೂ ಮುಂದಿನಿಂದ ಅರ್ಧ ಮೊಳ ಬಿಟ್ಟುಕೊಟ್ಟವು. ಮೊದಲು ಬಿಟ್ಟವನು ದಾನಪ್ಪ. ನನ್ನ ಮುಖ ನೋಡದೆಯೇ, "ನೀನು ಮನೆಯನ್ನೇ ಬಿಟ್ಟಿದ್ದೀಯ, ನನಗೆ ಅರ್ಧ ಮೊಳ ಏನು ಮಹಾ," ಎಂದ.

ಕೊನೆಯ ಇಟ್ಟಿಗೆಯನ್ನು ಲೆಕ್ಕದ ದಿನಕ್ಕೇ ಇಟ್ಟೆವು. ಅಲ್ಲಿಂದ ಏಳನೇ ದಿನ ಎರಡು ಗಂಟೆಗೇ ಎರಡೂ ಕಡೆಯವರು ಅಂಗಳದ ಅಂಚಿಗೆ ಸುತ್ತುಗಟ್ಟಿದರು. ನಾನು ಈ ಸಲ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದೆ. ಕಟ್ಟಡದ ನೆರಳು ಮೆಲ್ಲಗೆ ತೆವಳುತ್ತ ಬಂದು ಹಳೆಯ ನೆರಳಿನೊಳಗೆ ಹೊಗತೊಡಗಿತು. ತಾರಸಿಯ ಅಂಚು ಅಂಚಿಗೆ ಕೂಡಿತು, ಮೆಟ್ಟಿಲ ಗೋಡೆ ಒಳಗೇ ಉಳಿಯಿತು. ಮೂರಕ್ಕೆ ಐದು ನಿಮಿಷ ಇರುವಾಗ ಮಾರಕ್ಕ, "ಅದೇನದು?" ಎಂದಳು. ಹಳೆಯ ನೆರಳಿನ ಅಂಚು ದಾಟಿ, ಉಳಿದಿದ್ದ ಕಾಲು ಪಾಲು ಬಿಸಿಲಿನ ಮೇಲೆ ಒಂದು ಕಪ್ಪು ಗೆರೆ ಬಿದ್ದಿತ್ತು. ತಾರಸಿಯ ಮೇಲೆ ಯಾರೋ ನಿಲ್ಲಿಸಿ ಮರೆತ ಬಿದಿರಿನ ಗಳ. ಯಾರೋ ಏನು, ಗೋಡೆಯ ನೇರ ನೋಡುವ ಸೂತ್ರ ಹಿಡಿಯಲು ನಾನೇ ನಿಲ್ಲಿಸಿದ್ದೆ.

ಮಾರಕ್ಕ ಸೀರೆ ಎತ್ತಿಕಟ್ಟಿ ಓಡಿದಳು. ಬೀದಿಯಿಂದ ಏರಿದಳು, ದಾನಪ್ಪನ ಬಾಗಿಲು ದಾಟಿದಳು, ತನ್ನದಾಗಬೇಕಿದ್ದ ಮೂಲೆಯನ್ನೂ ದಾಟಿದಳು, ಮೂರು ಮೂರು ಮೆಟ್ಟಿಲು ಒಂದೇ ಹೆಜ್ಜೆಗೆ ಹಾರುತ್ತಿದ್ದಳು. ಕೆಳಗೆ ನಾವು ಆ ಕಪ್ಪು ಗೆರೆಯನ್ನೇ ನೋಡುತ್ತಿದ್ದೆವು. ಅದು ಒಮ್ಮೆ ಅಲ್ಲಾಡಿತು, ಅಡ್ಡಡ್ಡ ಬಾಗಿತು, ಇಲ್ಲವಾಯಿತು. ಶಾಲೆಯ ಗಂಟೆ ಮೂರು ಹೊಡೆಯಿತು. ಹೊಸ ನೆರಳು ಹಳೆಯ ನೆರಳಿನೊಳಗೆ ಕೂತಿತು, ಹೊರಗೆ ಒಂದು ಕೂದಲೆಳೆಯಷ್ಟೂ ಇಲ್ಲ. ನಸೀಮಾ ಮೇಡಂ ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತುಬಿಟ್ಟರು. ಮಾರಕ್ಕ ಏದುಸಿರು ಬಿಡುತ್ತ ಇಳಿದು ಬಂದು ನನಗೆ ಹೇಳಿದ್ದು ಇಷ್ಟೇ. "ಮೆಟ್ಟಿಲು ಚೆನ್ನಾಗಿ ಕಟ್ಟಿದ್ದೀಯ. ಓಡಬಹುದು."

ಹದಿನೈದು ಸಂಸಾರ ಒಳಗೆ ಹೋದವು. ತಾರಸಿಯ ಮೇಲೆ ಹಪ್ಪಳ ಸದ್ದು ಮಾಡತೊಡಗಿತು. ಕೆಳಗೆ ಅಂಗಳದಲ್ಲಿ ಇನ್ನೊಂದು ಆಯಿತು, ಇದನ್ನು ಮೇಡಂ ಕೂಡ ನೆನೆಸಿರಲಿಲ್ಲ. ಬಿಸಿಲಿಗೆ ಹಿಟ್ಟು ಬಿರುಕು ಬಿಡುತ್ತದೆಂದು ಇಷ್ಟು ವರ್ಷ ಕತ್ತಲೆ ಕೋಣೆಗಳಲ್ಲಿ ಲಟ್ಟಿಸುತ್ತಿದ್ದ ಹೆಂಗಸರು ಮಣೆ ಎತ್ತಿಕೊಂಡು ಆ ಕೂತ ನೆರಳಿಗೆ ಬಂದರು. ಮೂವತ್ತು ಜನ ಸುತ್ತ ಕೂತು ಲಟ್ಟಿಸುವುದು, ಹರಟುವುದು, ತಟ್ಟೆ ಹೊತ್ತು ಏರುವುದು, ದಾರಿಯಲ್ಲಿ ದಾನಪ್ಪನ ಹೆಂಡತಿ ಕೊಟ್ಟ ನೀರು ಕುಡಿಯುವುದು. ನಾನೂ ಮಾರಕ್ಕನೂ ಶೆಡ್ಡಿನಲ್ಲೇ ಇದ್ದೆವು. ಉಳಿದ ಹದಿನೈದು ಶೆಡ್ಡು ಖಾಲಿಯಾಗಿ ಗಾಳಿಗೆ ತಗಡು ಬಡಿದುಕೊಳ್ಳುತ್ತಿದ್ದವು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ತಿಂಗಳು ಕಳೆದ ಮೇಲೆ ಕೆಂಚಕ್ಕ ಶೆಡ್ಡಿನ ಬಾಗಿಲಿಗೆ ಬಂದಳು. ಬಾ ಎಂದು ಕರೆದೊಯ್ದು ಅಂಗಳದ ಒಂದು ಮೂಲೆ ತೋರಿಸಿದಳು, ನೆರಳು ದಟ್ಟವಾಗಿದ್ದ ಮೂಲೆ, ಕೆರೆಗೆ ಮುಖ.

"ಇಲ್ಲಿ ಕಟ್ಕೊಳ್ಳಿ. ಬೀದಿಯೋರೆಲ್ಲ ಒಪ್ಪಿದ್ದೀವಿ."

"ನಿಮ್ಮ ಅಂಗಳದಲ್ಲಾ ಅಕ್ಕ?"

"ನೆರಳಲ್ಲಿ ಹಪ್ಪಳ ಒಣಗಲ್ಲ. ಮನುಷ್ಯರು ಒಣಗಬೇಕು ಅಂತೇನಿಲ್ವಲ್ಲ."

"ಮೊದಲು ಸುಳ್ಳುಮನೆ ನಿಲ್ಲಿಸಿ ನೋಡಬೇಕು," ಎಂದೆ, ಬಾಯಿಪಾಠದ ಹಾಗೆ.

"ಮೂವತ್ತು ವರ್ಷದ ಮೇಸ್ತ್ರಿಗೆ ನಾನು ಹೇಳಬೇಕಾ? ಕೂತ ನೆರಳಿನೊಳಗೆ ನಿಂತ ಮನೆಗೆ ಇನ್ನೊಂದು ನೆರಳು ಎಲ್ಲಿಂದ ಬರ್ತದೆ?"

ಎರಡು ಕೋಣೆ, ಒಂದು ಜಗಲಿ, ಕೆರೆ ಕಡೆ ಒಂದು ಕಿಟಕಿ. ಜಗಲಿಯನ್ನು ಲಟ್ಟಿಸುವವರಿಗೆ ಒರಗಿಕೊಳ್ಳಲು ಅನುಕೂಲವಾಗಲಿ ಎಂದು ತುಸು ಅಗಲ ಮಾಡಿದೆ. ಉಳಿದ ಇಟ್ಟಿಗೆಯೇ ಸಾಕಾಯಿತು. ನಮ್ಮೂರಿನಲ್ಲಿ ನೆರಳಿಲ್ಲದ ಮನೆ ಅದೊಂದೇ.

ಕಟ್ಟಿ ಮುಗಿದ ಏಳನೇ ದಿನ ಮೂರು ಗಂಟೆಗೆ ಮುಂಚೆ ಹೋಗಿ ಮನೆಯ ಎದುರು ನಿಂತೆ. ನೋಡುವಂಥದ್ದು ಏನೂ ಇರಲಿಲ್ಲ, ಆದರೂ ನಿಂತೆ. ಕೆಂಚಕ್ಕ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತಳು. ಹಳೆಯ ಸಿಟ್ಟು ಒಂದು ಕ್ಷಣ ತಲೆ ಎತ್ತಿತು.

"ಈಗಲೂ ನನ್ನ ಮ್ಯಾಲೆ ನಂಬಿಕೆ ಇಲ್ವಾ ಅಕ್ಕ?"

"ನಂಬಿಕೆ ಮಾತಲ್ಲ ಕಣೋ. ಹೋದ ಸಲ ನಿನ್ನ ಒಂದು ಮಾತು ಕೇಳದೆ ಗಳಕ್ಕೆ ಕೈ ಹಾಕಿದೆ."

"ನಾನೂ ಹೇಳದೆ ಹೋದೆ," ಎಂದೆ. ಆ ಮಾತು ಹೊರಗೆ ಬರಲು ಒಂದು ವರ್ಷದ ಮೇಲೆ ಹಿಡಿದಿತ್ತು. ಶಾಲೆಯ ಗಂಟೆ ಹೊಡೆಯಿತು. ನೆಲದ ಮೇಲೆ ಹೊಸದೇನೂ ಕೂರಲಿಲ್ಲ. ಒಳಗೆ ಕಿಟಕಿಯ ಹತ್ತಿರ ಮಾರಕ್ಕ ಅನ್ನ ಬಸಿಯುತ್ತಿದ್ದಳು, ಗಾಳಿಗೆ ಹಬೆ ನಮ್ಮ ಕಡೆಗೆ ಬಂತು. ಇಬ್ಬರೂ ಊಟಕ್ಕೆ ಬನ್ನಿ ಎಂದು ಕರೆದಳು.